ಊರ ಕೊಪ್ಪರಿಗೆ

ನಮ್ಮ ಊರಿನ ದೇವಸ್ಥಾನದ ಉಗ್ರಾಣದಲ್ಲಿ ನಾಲ್ಕು ತಾಮ್ರದ ಕೊಪ್ಪರಿಗೆಗಳಿದ್ದುವು. ಅವು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ; ಊರಿನ ಸ್ವತ್ತಾಗಿದ್ದುವು. ಯಾರ ಮನೆಯಲ್ಲಿ ಮದುವೆ ಮುಂಜಿಗಳು ನಡೆದರೂ ಆ ಮನೆಯ ಯಜಮಾನನು ಉಗ್ರಾಣದ ಪಾರುಪತ್ತೇಗಾರರ ಪುಸ್ತಕದಲ್ಲಿ ಹೆಸರು ಬರೆಸಿ ಕೊಪ್ಪರಿಗೆಯನ್ನು ಒಯ್ಯುತ್ತಿದ್ದನು. ಕಾರ್ಯ ಮುಗಿದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು ಹಿಂದಿರುಗಿಸುವುದು ವಾಡಿಕೆ. ವರ್ಷಕ್ಕೆ ಒಂದೆರಡು ದಿನ ಬೇಕಾಗುವ ಪಾತ್ರೆಯನ್ನು ಪ್ರತಿಯೊಂದು ಮನೆಯವರೂ ಕೊಂಡು ಇಟ್ಟುಕೊಳ್ಳಬೇಕಾದ ಅಗತ್ಯವಿರಲಿಲ್ಲ.

ತಾಮ್ರದ ಪಾತ್ರೆಯ ಒಳಮೈಗೆ ಕಲಾಯಿ ಇರಬೇಕು. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿಯ ಪದಾರ್ಥವನ್ನು ಬೇಯಿಸಿದರೆ ಕಿಲುಬು ಇಳಿದು ಉಂಡವರಿಗೆಲ್ಲ ಕೇಡಾಗುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ಕಲಾಯಿಗಾರನು ಬಂದು ದೇವಸ್ಥಾನದ ಅಂಗಳದಲ್ಲಿ ಕುಲುಮೆ ಹೂಡುತ್ತಿದ್ದನು. ತಿದಿಯೊತ್ತಿ, ನವಸಾಗರದ ಪುಡಿಯನ್ನು ಉದುರಿಸಿ, ಕರಗಿದ ತವರವನ್ನು ಬಟ್ಟೆಯಿಂದ ಬಳಿಯುತ್ತಿದ್ದಂತೆ ಕೊಪ್ಪರಿಗೆಯ ಒಳಮೈ ಬೆಳ್ಳಿಯಂತೆ ಹೊಳೆಯುವುದನ್ನು ಮಕ್ಕಳಾದ ನಾವು ಬೆರಗಿನಿಂದ ನೋಡುತ್ತಿದ್ದೆವು. ಒಂದು ಹಗಲಿನ ಕೆಲಸ. ಅದರಿಂದ ಇಡೀ ಊರಿನ ಮುಂದಿನ ವರ್ಷದ ಊಟಗಳೆಲ್ಲ ಕ್ಷೇಮವಾಗುತ್ತಿದ್ದುವು.

ಬಹುಕಾಲದ ಬಳಿಕ, 2014ರ ಏಪ್ರಿಲ್ ತಿಂಗಳಲ್ಲಿ, ಈ ಕೊಪ್ಪರಿಗೆಗಳು ನನಗೆ ಮತ್ತೆ ನೆನಪಾದುವು. ನನ್ನ ಹಳೆಯ ಶಿಷ್ಯನೊಬ್ಬನು ಬೆಂಗಳೂರಿನಲ್ಲಿ ಕಂಪ್ಯೂಟರುಗಳ ಮೇಲ್ವಿಚಾರಣೆಯ ಕೆಲಸದಲ್ಲಿದ್ದನು. ಜಾತ್ರೆಗೆಂದು ಊರಿಗೆ ಬಂದಿದ್ದವನು 8ನೆಯ ತಾರೀಖಿನ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಕೊಟ್ಟ ಕಾಫಿಯನ್ನೂ ಮರೆತು, ಲ್ಯಾಪ್‌ಟಾಪಿನ ಮೇಲೆ ಬಾಗಿದ್ದನು.

“ಏನಪ್ಪಾ ಅಷ್ಟೊಂದು ಅವಸರ?” ಎಂದು ಕೇಳಿದೆನು.

“ಊರ ಕೊಪ್ಪರಿಗೆಯ ಕಲಾಯಿ ಹೋಗಿದೆ, ಸಾರ್. ಸಂಜೆಯೊಳಗೆ ಹಾಕಿಸಬೇಕು” ಎಂದನು.

ಅವನು ಅಂದು ಹೇಳಿದುದನ್ನೂ, ಅನಂತರ ನಾನು ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ನಿಮಗೆ ಹೇಳುತ್ತೇನೆ.

ಕಂಪ್ಯೂಟರಿಗೆ ನಾವು ಕೊಡುವ ಆಜ್ಞೆಗಳ ಮಾಲೆಯೇ ತಂತ್ರಾಂಶ. ಅದನ್ನು ಬರೆಯುವವರು ಮನುಷ್ಯರು ಓದಬಲ್ಲ ಒಂದು ಭಾಷೆಯಲ್ಲಿ ಬರೆಯುತ್ತಾರೆ. ಕಂಪೈಲರ್ ಎಂಬ ಸಾಧನವು ಆ ಬರೆಹವನ್ನು ಯಂತ್ರಕ್ಕೆ ಮಾತ್ರ ಅರ್ಥವಾಗುವ ಸೊನ್ನೆ ಒಂದುಗಳ ರೂಪಕ್ಕೆ ತಿರುಗಿಸುತ್ತದೆ. ಈ ರೂಪಕ್ಕೆ ದ್ವಿಮಾನ ರೂಪವೆಂದು ಹೆಸರು. ತಂತ್ರಾಂಶ ಯಾವುದೇ ಆಗಿರಲಿ, ಕೆಲವು ಕೆಲಸಗಳು ಎಲ್ಲಕ್ಕೂ ಬೇಕಾಗುತ್ತವೆ: ಕಡತವನ್ನು ಕುಗ್ಗಿಸುವುದು, ಗುಟ್ಟಿನ ಮಾತನ್ನು ಗೂಢಲಿಪಿಗೆ ತಿರುಗಿಸುವುದು, ಅಕ್ಷರಗಳನ್ನು ತೆರೆಯ ಮೇಲೆ ಮೂಡಿಸುವುದು. ಇಂತಹ ಕೆಲಸಗಳನ್ನು ಒಬ್ಬರು ಚೆನ್ನಾಗಿ ಬರೆದಿಟ್ಟರೆ ಉಳಿದವರು ಬಳಸಿಕೊಳ್ಳಬಹುದು. ಹಾಗೆ ಬರೆದಿಟ್ಟ ಕೂಟಕ್ಕೆ ಲೈಬ್ರರಿ ಎನ್ನುತ್ತಾರೆ. ಪುಸ್ತಕಗಳ ಗ್ರಂಥಾಲಯದಿಂದ ಬೇರೆಯಾಗಿ ತಿಳಿಯಲೆಂದು ನಾವು ಅದನ್ನು ‘ಭಂಡಾರ’ ಎಂದು ಕರೆಯೋಣ.

ಈ ಭಂಡಾರದ ಕಲ್ಪನೆ ಕಂಪ್ಯೂಟರಿನಷ್ಟೇ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 1949ರ ಮೇ ತಿಂಗಳಲ್ಲಿ ಎಡ್ಸಾಕ್ ಎಂಬ ಯಂತ್ರವು ಮೊದಲ ಲೆಕ್ಕವನ್ನು ಮಾಡಿತು. ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್, ಸ್ಟಾನ್ಲಿ ಗಿಲ್ ಎಂಬವರು ಆ ಯಂತ್ರಕ್ಕಾಗಿ ಮತ್ತೆ ಮತ್ತೆ ಬೇಕಾಗುವ ಲೆಕ್ಕದ ವಿಧಾನಗಳನ್ನು ಕಾಗದದ ಪಟ್ಟಿಗಳ ಮೇಲೆ ರಂಧ್ರಗಳ ರೂಪದಲ್ಲಿ ಕೊರೆದು ಬೀರುವಿನಲ್ಲಿ ಜೋಡಿಸಿಟ್ಟರು. ಹೊಸ ಲೆಕ್ಕ ಬರೆಯುವವನು ತನಗೆ ಬೇಕಾದ ಪಟ್ಟಿಯನ್ನು ತೆಗೆದು, ಅದರ ಪ್ರತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತಿದ್ದನು.

ಭಂಡಾರವನ್ನು ಬಳಸುವ ಮೊದಲನೆಯ ವಿಧಾನ ಇದೇ: ಬೇಕಾದುದರ ಪ್ರತಿಯನ್ನು ತಂತ್ರಾಂಶವು ತನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳುವುದು. ಇದು ಮನೆಮನೆಗೂ ಸ್ವಂತ ಕೊಪ್ಪರಿಗೆ ಇದ್ದಂತೆ. ಎರಡನೆಯ ವಿಧಾನದಲ್ಲಿ ತಂತ್ರಾಂಶವು ಭಂಡಾರದ ಹೆಸರನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ತಂತ್ರಾಂಶವನ್ನು ನಡೆಸಿದ ಕ್ಷಣದಲ್ಲಿ ಜೋಡಕ ಎಂಬ ಸಣ್ಣ ಸಾಧನವೊಂದು ಆ ಹೆಸರನ್ನು ಓದಿ, ಕಂಪ್ಯೂಟರಿನಲ್ಲಿರುವ ಭಂಡಾರವನ್ನು ಹುಡುಕಿ ತಂದು ಜೋಡಿಸುತ್ತದೆ. ಇದು ಹಂಚಿಕೆಯ ಭಂಡಾರ, ಊರ ಕೊಪ್ಪರಿಗೆ. ಡಿಸ್ಕಿನಲ್ಲಿ ಅದರ ಒಂದೇ ಪ್ರತಿ ಇದ್ದರೆ ಸಾಕು. ನೂರು ತಂತ್ರಾಂಶಗಳು ಅದನ್ನು ಬಳಸಬಹುದು. ನೆನಪಿನ ಕೋಶದಲ್ಲಿಯೂ ಅದರ ಆಜ್ಞೆಗಳ ಒಂದೇ ಪ್ರತಿ ಎಲ್ಲಕ್ಕೂ ಒದಗುತ್ತದೆ.

ಸ್ಥಳದ ಉಳಿತಾಯ ಇಂದು ಅಷ್ಟು ದೊಡ್ಡ ಮಾತಲ್ಲ. ದೊಡ್ಡ ಮಾತಾಗಿರುವುದು ಕಲಾಯಿಯ ವಿಷಯ.

ಓಪನ್‌ಎಸ್‌ಎಸ್‌ಎಲ್ ಎಂಬುದು ಅಂತರ್ಜಾಲದಲ್ಲಿ ಸಾಗುವ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಕಾಪಾಡುವ ಭಂಡಾರ. 2012ರ ಮಾರ್ಚ್ ತಿಂಗಳಲ್ಲಿ ಹೊರಬಂದ ಅದರ ಒಂದು ಆವೃತ್ತಿಯಲ್ಲಿ ಸಣ್ಣದೊಂದು ತಪ್ಪು ನುಸುಳಿತ್ತು. ಎದುರಿನವನು ಕೇಳಿದಷ್ಟು ಅಕ್ಷರಗಳನ್ನು ಹಿಂದಿರುಗಿಸುವ ಮೊದಲು, ಅಷ್ಟು ಅಕ್ಷರಗಳನ್ನು ಅವನು ನಿಜವಾಗಿ ಕಳುಹಿಸಿದ್ದನೇ ಎಂದು ಅದು ಪರೀಕ್ಷಿಸುತ್ತಿರಲಿಲ್ಲ. ಇದರಿಂದ ಕೇಡಿಗನೊಬ್ಬನು ಒಂದೊಂದು ಸಲಕ್ಕೆ ಸುಮಾರು 64 ಕಿಲೋಬೈಟುಗಳಷ್ಟು ನೆನಪಿನ ಕೋಶವನ್ನು ಕದ್ದು ಓದಬಹುದಾಗಿತ್ತು. ಅದರಲ್ಲಿ ಗುಪ್ತಪದಗಳೂ ರಹಸ್ಯದ ಕೀಲಿಗಳೂ ಇರಬಹುದಾಗಿತ್ತು. 2014ರ ಏಪ್ರಿಲ್ 7ರಂದು ಈ ದೋಷವು ‘ಹಾರ್ಟ್‌ಬ್ಲೀಡ್’ ಎಂಬ ಹೆಸರಿನಿಂದ ಬಹಿರಂಗವಾಯಿತು. ಮರುದಿನ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ನನ್ನ ಶಿಷ್ಯನು ಕಾಫಿಯನ್ನು ಮರೆತದ್ದು ಇದೇ ಕಾರಣಕ್ಕೆ.

ಅವನು ನೋಡಿಕೊಳ್ಳುತ್ತಿದ್ದ ಯಂತ್ರಗಳಲ್ಲಿದ್ದುದು ಡೆಬಿಯನ್. 1993ರಲ್ಲಿ ಅಯಾನ್ ಮರ್ಡಾಕ್ ಎಂಬವರು ಆರಂಭಿಸಿದ, ಜಗತ್ತಿನ ಅನೇಕ ದೇಶಗಳ ಸ್ವಯಂಸೇವಕರು ನಡೆಸುವ ತಂತ್ರಾಂಶ ವ್ಯವಸ್ಥೆ ಅದು. 2023ರಲ್ಲಿ ಹೊರಬಂದ ಅದರ 12ನೆಯ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು ಕಟ್ಟುಗಳಿದ್ದುವು. ತಂತ್ರಾಂಶವನ್ನು ಸುಲಭವಾಗಿ ಅಳವಡಿಸಲು ಬರುವಂತೆ ಕಟ್ಟಿ ಕೊಡುವುದಕ್ಕೆ ಪ್ಯಾಕೇಜಿಂಗ್ ಎಂದೂ, ಹಾಗೆ ಕಟ್ಟಿದುದಕ್ಕೆ ಪ್ಯಾಕೇಜು ಎಂದೂ ಹೆಸರು. ಪ್ರತಿಯೊಂದು ಕಟ್ಟಿನ ಮೇಲೂ ‘ನನಗೆ ಇಂತಿಂತಹ ಭಂಡಾರಗಳು ಬೇಕು’ ಎಂಬ ಒಕ್ಕಣೆ ಇರುತ್ತದೆ. ಇದಕ್ಕೆ ಅವಲಂಬನೆ ಎನ್ನುತ್ತಾರೆ. ಕಟ್ಟುವವನು ಇದನ್ನು ನೆನಪಿನಿಂದ ಬರೆಯುವುದಿಲ್ಲ. ಡೆಬಿಯನ್‌ನಲ್ಲಿ ಅದಕ್ಕೆಂದೇ ಇರುವ ಉಪಕರಣವು ದ್ವಿಮಾನ ಕಡತವನ್ನು ತೆರೆದು, ಅದು ಯಾವ ಯಾವ ಭಂಡಾರಗಳ ಹೆಸರು ಹೇಳುತ್ತಿದೆಯೆಂದು ಓದಿ, ಯಾವ ಆವೃತ್ತಿಗಿಂತ ಹಳೆಯದು ಒದಗದು ಎಂಬುದನ್ನೂ ಸೇರಿಸಿ ಪಟ್ಟಿ ಮಾಡುತ್ತದೆ. ಪಾರುಪತ್ತೇಗಾರರ ಪುಸ್ತಕವೇ ಅದು ಎನ್ನಬಹುದು.

ಡೆಬಿಯನ್ ಬಳಗವು ಆ ದೋಷವನ್ನು ತಿದ್ದಿ ಭಂಡಾರದ ಹೊಸ ಕಟ್ಟನ್ನು ಕೂಡಲೇ ಹೊರತಂದಿತು. ನನ್ನ ಶಿಷ್ಯನು ಪ್ರತಿಯೊಂದು ಯಂತ್ರದಲ್ಲಿಯೂ ಆ ಒಂದು ಕಟ್ಟನ್ನು ಬದಲಾಯಿಸಿದನು. ಬಳಿಕ ಆ ಭಂಡಾರವನ್ನು ಬಳಸುತ್ತಿದ್ದ ಸೇವೆಗಳನ್ನೆಲ್ಲ ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಿದನು. “ಇದೇಕೆ?” ಎಂದೆನು. “ಒಲೆಯ ಮೇಲೆ ಆಗಲೇ ಏರಿಸಿದ ಪಾತ್ರೆ ಹಳೆಯದೇ ಅಲ್ಲವೆ, ಸಾರ್? ಅದನ್ನು ಇಳಿಸಿ ಹೊಸದನ್ನು ಏರಿಸಬೇಕು” ಎಂದನು. ರಹಸ್ಯದ ಕೀಲಿಗಳು ಈ ಮೊದಲೇ ಕಳವಾಗಿರಬಹುದೆಂದು ಅವನ್ನೂ ಹೊಸದಾಗಿ ಮಾಡಿದನು. ಸಂಜೆ ರಥ ಎಳೆಯುವ ಹೊತ್ತಿಗೆ ಕೆಲಸ ಮುಗಿದಿತ್ತು.

ಆದರೆ ಒಂದು ಯಂತ್ರ ಮಾತ್ರ ಉಳಿಯಿತು. ಅದರಲ್ಲಿ ಹೊರಗಿನಿಂದ ಕೊಂಡ ತಂತ್ರಾಂಶವೊಂದಿತ್ತು. ಅದು ಓಪನ್‌ಎಸ್‌ಎಸ್‌ಎಲ್‌ನ ಸ್ವಂತ ಪ್ರತಿಯನ್ನು ತನ್ನೊಳಗೇ ಅಡಗಿಸಿಕೊಂಡಿತ್ತು. ಊರ ಕೊಪ್ಪರಿಗೆಗೆ ಹಾಕಿದ ಕಲಾಯಿ ಅದನ್ನು ಮುಟ್ಟಲಿಲ್ಲ. ಒಳಗೆ ಅಂತಹ ಪ್ರತಿಯಿದೆ ಎಂಬುದೇ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಅದನ್ನು ಪತ್ತೆ ಹಚ್ಚಲು ಅವನಿಗೆ ಮೂರು ದಿನ ಹಿಡಿಯಿತು. ತಯಾರಿಸಿದವರಿಂದ ತಿದ್ದುಪಡಿ ಬರುವವರೆಗೆ ಆ ಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸಿ ಇಡಬೇಕಾಯಿತು. “ಅಟ್ಟದ ಮೇಲೆ ಯಾರೋ ಮರೆತಿಟ್ಟ ತಪ್ಪಲೆ, ಸಾರ್, ಕಲಾಯಿಗಾರನಿಗೆ ಅದು ಕಾಣುವುದೇ ಇಲ್ಲ” ಎಂದು ಅವನು ಆಮೇಲೆ ನನಗೆ ಬರೆದನು.

ಇಂತಹ ಅನುಭವ ಹೊಸದಲ್ಲ. ಕಡತಗಳನ್ನು ಕುಗ್ಗಿಸುವ ಝಡ್‌ಲಿಬ್ ಎಂಬ ಭಂಡಾರವನ್ನು ಜಾನ್‌ಲೂ ಗೈಯಿ ಮತ್ತು ಮಾರ್ಕ್ ಆಡ್ಲರ್ ಎಂಬವರು ರಚಿಸಿದರು. 2002ರ ಮಾರ್ಚ್ ತಿಂಗಳಲ್ಲಿ ಅದರಲ್ಲೊಂದು ದೋಷ ಹೊರಬಿತ್ತು: ಒಮ್ಮೆ ಬಿಟ್ಟುಕೊಟ್ಟ ನೆನಪಿನ ಕೋಶವನ್ನು ಅದು ಕೆಲವೊಮ್ಮೆ ಎರಡನೆಯ ಸಲವೂ ಬಿಟ್ಟುಕೊಡುತ್ತಿತ್ತು. ಹಂಚಿಕೆಯ ಭಂಡಾರವನ್ನು ತಿದ್ದುವುದು ಸುಲಭವಾಗಿತ್ತು. ಆದರೆ ಝಡ್‌ಲಿಬ್ ಚಿಕ್ಕದು, ಒಳ್ಳೆಯದು, ಉಚಿತವಾಗಿ ದೊರೆಯುವಂತಹುದು. ಆದುದರಿಂದ ಅನೇಕರು ಅದರ ಪ್ರತಿಯನ್ನು ತಮ್ಮ ತಮ್ಮ ತಂತ್ರಾಂಶಗಳೊಳಗೆ ಸೇರಿಸಿಕೊಂಡಿದ್ದರು. ಲಿನಕ್ಸಿನ ತಿರುಳಿನಲ್ಲಿಯೂ ಒಂದು ಪ್ರತಿಯಿತ್ತು. ಕಡತಗಳನ್ನು ನಕಲು ಮಾಡುವ ಆರ್‌ಸಿಂಕ್ ಎಂಬುದರಲ್ಲಿಯೂ ಇತ್ತು. ಒಂದೊಂದನ್ನೂ ಹುಡುಕಿ ತೆಗೆದು ಬೇರೆ ಬೇರೆಯಾಗಿ ತಿದ್ದಬೇಕಾಯಿತು. ಆದುದರಿಂದಲೇ ಹಂಚಿಕೆಯ ಭಂಡಾರವೊಂದು ಇರುವಾಗ ಅದರ ಪ್ರತಿಯನ್ನು ಕಟ್ಟಿನೊಳಗೆ ಇಟ್ಟುಕೊಳ್ಳಬಾರದು, ಭಂಡಾರವನ್ನೇ ಅವಲಂಬಿಸಬೇಕು ಎಂಬುದು ಡೆಬಿಯನ್‌ನ ನಿಯಮವಾಗಿದೆ.

ಹೀಗಿರುವಾಗ ಎಲ್ಲರೂ ಊರ ಕೊಪ್ಪರಿಗೆಯನ್ನೇ ಏಕೆ ಬಳಸುವುದಿಲ್ಲ ಎಂದು ನೀವು ಕೇಳಬಹುದು. ಅದಕ್ಕೂ ಕಾರಣವುಂಟು. ಕೊಪ್ಪರಿಗೆ ಹಳತಾಯಿತೆಂದು ಊರಿನವರು ಅದನ್ನು ಕೊಟ್ಟು, ಬಾಯಿ ಅಗಲವಾದ ಹೊಸದೊಂದನ್ನು ತಂದರೆನ್ನಿ. ಹಳೆಯ ಅಳತೆಗೆ ಮುಚ್ಚಳ ಮಾಡಿಸಿಟ್ಟುಕೊಂಡವರ ಗತಿಯೇನು? ಭಂಡಾರಕ್ಕೂ ತಂತ್ರಾಂಶಕ್ಕೂ ನಡುವೆ ಇಂತಹುದೇ ಒಂದು ಅಳತೆಯ ಒಪ್ಪಂದವಿದೆ. ಯಾವ ಕೆಲಸವನ್ನು ಯಾವ ಹೆಸರಿನಿಂದ ಕರೆಯಬೇಕು, ಯಾವ ಬೆಲೆಗಳನ್ನು ಯಾವ ಕ್ರಮದಲ್ಲಿ ಕೊಡಬೇಕು, ಒಂದೊಂದು ಬೆಲೆಯೂ ಎಷ್ಟು ಬೈಟುಗಳಷ್ಟು ಉದ್ದವಿರಬೇಕು ಎಂಬುದೆಲ್ಲ ಅದರಲ್ಲಿ ಸೇರಿದೆ. ದ್ವಿಮಾನ ರೂಪಕ್ಕೆ ತಿರುಗಿದ ತಂತ್ರಾಂಶದಲ್ಲಿ ಈ ಅಳತೆಗಳು ಅಚ್ಚೊತ್ತಿದಂತೆ ನಿಂತುಬಿಡುತ್ತವೆ. ಭಂಡಾರದ ಅಳತೆ ಬದಲಾದರೆ ತಂತ್ರಾಂಶವು ಮುಗ್ಗರಿಸುತ್ತದೆ; ಕೆಲವೊಮ್ಮೆ ಸದ್ದಿಲ್ಲದೆ ತಪ್ಪು ಉತ್ತರವನ್ನೂ ಕೊಡುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಹೆಸರಿನಲ್ಲಿಯೇ ಇದೆ. ಭಂಡಾರದ ಹೆಸರಿನೊಡನೆ ಒಂದು ಅಂಕೆಯನ್ನು ಸೇರಿಸುತ್ತಾರೆ. ಒಳಗಿನ ದೋಷವನ್ನು ಮಾತ್ರ ತಿದ್ದಿ ಅಳತೆಯನ್ನು ಹಾಗೆಯೇ ಉಳಿಸಿದರೆ ಆ ಅಂಕೆ ಬದಲಾಗದು; ಹಳೆಯ ತಂತ್ರಾಂಶಗಳೆಲ್ಲ ಹೊಸ ಭಂಡಾರದೊಡನೆ ನಿಶ್ಚಿಂತೆಯಿಂದ ನಡೆಯುತ್ತವೆ. ಅಳತೆಯನ್ನು ಬದಲಾಯಿಸಿದರೆ ಅಂಕೆಯನ್ನೂ ಬದಲಾಯಿಸಬೇಕು. ಆಗ ಹಳೆಯದೂ ಹೊಸದೂ ಬೇರೆ ಬೇರೆ ಹೆಸರಿನಿಂದ ಅಕ್ಕಪಕ್ಕದಲ್ಲಿಯೇ ಇರಬಲ್ಲವು. ಡೆಬಿಯನ್‌ನ 11ನೆಯ ಆವೃತ್ತಿಯಲ್ಲಿ ಓಪನ್‌ಎಸ್‌ಎಸ್‌ಎಲ್ ಭಂಡಾರದ ಕಟ್ಟಿಗೆ ‘ಲಿಬ್‌ಎಸ್‌ಎಸ್‌ಎಲ್1.1’ ಎಂದೂ, 12ನೆಯದರಲ್ಲಿ ‘ಲಿಬ್‌ಎಸ್‌ಎಸ್‌ಎಲ್3’ ಎಂದೂ ಹೆಸರಿರುವುದು ಈ ಕಾರಣದಿಂದ. ಅಂಕೆ ಬದಲಾದಾಗ ಆ ಭಂಡಾರವನ್ನು ನೆಚ್ಚಿದ ಕಟ್ಟುಗಳನ್ನೆಲ್ಲ ಹೊಸ ಅಳತೆಗೆ ಹೊಂದುವಂತೆ ಮತ್ತೆ ಕಟ್ಟಬೇಕು. ಈ ದೊಡ್ಡ ಕೆಲಸವನ್ನು ಅವರ ಪರಿಭಾಷೆಯಲ್ಲಿ ಸಂಕ್ರಮಣ ಎನ್ನಬಹುದು. ಎಲ್ಲಕ್ಕೂ ಆಧಾರವಾದ ಸಿ ಭಾಷೆಯ ಭಂಡಾರವೇ ಬದಲಾಗಿ, 1998ರ ಜುಲೈ ತಿಂಗಳಲ್ಲಿ ಹೊರಬಂದ ಡೆಬಿಯನ್ 2.0 ಆವೃತ್ತಿಯು ಅಂತಹ ಮಹಾಸಂಕ್ರಮಣವನ್ನು ದಾಟಿತು.

ಈ ಶಿಸ್ತು ಇಲ್ಲದೆಡೆ ಏನಾಗುತ್ತದೆ ಎಂಬುದಕ್ಕೆ 1990ರ ದಶಕದ ವಿಂಡೋಸ್ ವ್ಯವಸ್ಥೆ ಸಾಕ್ಷಿಯಾಗಿದೆ. ಅಲ್ಲಿ ಹಂಚಿಕೆಯ ಭಂಡಾರಗಳಿಗೆ ಡಿಎಲ್ಎಲ್ ಎಂದು ಹೆಸರು. ಹೊಸ ತಂತ್ರಾಂಶವೊಂದನ್ನು ಅಳವಡಿಸುವಾಗ ಅದು ತನಗೆ ಬೇಕಾದ ಭಂಡಾರದ ಹಳೆಯ ಆವೃತ್ತಿಯನ್ನು ಇದ್ದುದರ ಮೇಲೆಯೇ ಬರೆದುಬಿಡಬಹುದಾಗಿತ್ತು. ಆಗ ಅದುವರೆಗೆ ಚೆನ್ನಾಗಿ ನಡೆಯುತ್ತಿದ್ದ ಬೇರೊಂದು ತಂತ್ರಾಂಶ ಕೆಟ್ಟುಹೋಗುತ್ತಿತ್ತು. ಬೇಸತ್ತ ಜನರು ಈ ಸ್ಥಿತಿಯನ್ನು ಡಿಎಲ್ಎಲ್ ನರಕ ಎಂದು ಕರೆದರು. ವಿಂಡೋಸ್ 2000ದಲ್ಲಿ ಮುಖ್ಯ ಕಡತಗಳನ್ನು ಹೀಗೆ ಅಳಿಸದಂತೆ ಕಾಪಾಡುವ ಏರ್ಪಾಟನ್ನು ಮಾಡಲಾಯಿತು.

ಇಂತಹ ತೊಡಕುಗಳನ್ನು ಕಂಡವರು ‘ನಮ್ಮ ಪಾತ್ರೆ ನಮಗಿರಲಿ’ ಎಂದರೆ ಅದನ್ನು ತಪ್ಪೆನ್ನಲಾಗದು. ಗೋ, ರಸ್ಟ್ ಮೊದಲಾದ ಈಚಿನ ಭಾಷೆಗಳಲ್ಲಿ ಬೇಕಾದ ಭಂಡಾರಗಳನ್ನು ತಂತ್ರಾಂಶದೊಳಗೇ ಸೇರಿಸುವುದು ರೂಢಿಯಾಗಿದೆ. ಹಾಗೆ ಮಾಡಿದುದು ಎಲ್ಲಿ ಇಟ್ಟರೂ ನಡೆಯುತ್ತದೆ. ಬರೆದವನು ಪರೀಕ್ಷಿಸಿದ ಭಂಡಾರವೇ ಬಳಸುವವನಲ್ಲಿಯೂ ಇರುತ್ತದೆ. ಆದರೆ ಸ್ವಂತ ಪಾತ್ರೆ ಇಟ್ಟುಕೊಂಡವನು ಕಲಾಯಿಯ ಹೊಣೆಯನ್ನೂ ಹೊರಬೇಕು. ಒಳಗೆ ಯಾವ ಯಾವ ಭಂಡಾರದ ಯಾವ ಆವೃತ್ತಿಯಿದೆ ಎಂಬ ಪಟ್ಟಿಯನ್ನು ಇಡಬೇಕು. ದೋಷ ಹೊರಬಿದ್ದ ದಿನವೇ ಮತ್ತೆ ಕಟ್ಟಿ ಕೊಡಬೇಕು. ಅಷ್ಟು ಮಾಡುವವನಿಗೆ ಸ್ವಂತ ಪಾತ್ರೆ ಇರಬಹುದು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಊರ ಕೊಪ್ಪರಿಗೆಯೇ ಕೆಟ್ಟರೆ ಊರಿಗೆ ಊರೇ ಕೆಡುತ್ತದೆ. 2006ರ ಸೆಪ್ಟೆಂಬರ್ ತಿಂಗಳಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಕಟ್ಟಿನಲ್ಲಿ, ಪರೀಕ್ಷಾ ಸಾಧನವೊಂದು ಆಕ್ಷೇಪಿಸಿತೆಂಬ ಕಾರಣದಿಂದ, ಮೂಲ ಬರೆಹದ ಕೆಲವು ಆಜ್ಞೆಗಳನ್ನು ನಿಷ್ಕ್ರಿಯಗೊಳಿಸಲಾಯಿತು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಊಹಿಸಲಾಗದ ಸಂಖ್ಯೆಗಳನ್ನು ಹುಟ್ಟಿಸುವ ಶಕ್ತಿಯೇ ಅದರಿಂದ ನಷ್ಟವಾಯಿತು. ಎಣಿಸಲಾರದಷ್ಟು ಬಗೆಯಲ್ಲಿ ಇರಬೇಕಾಗಿದ್ದ ರಹಸ್ಯದ ಕೀಲಿಗಳು, ಒಂದು ಬಗೆಯ ಯಂತ್ರದಲ್ಲಿ ಒಂದು ಉದ್ದದ ಕೀಲಿಗೆ, ಸುಮಾರು 32 ಸಾವಿರದ ಮಿತಿಯೊಳಗೆ ಇಳಿದುಬಿಟ್ಟುವು. ಲೂಸಿಯಾನೊ ಬೆಲ್ಲೊ ಎಂಬವರು ಕಂಡುಹಿಡಿದ ಈ ದೋಷವನ್ನು 2008ರ ಮೇ 13ರಂದು ಪ್ರಕಟಿಸುವವರೆಗೆ, ಇಪ್ಪತ್ತು ತಿಂಗಳ ಕಾಲ, ಅದು ಯಾರ ಕಣ್ಣಿಗೂ ಬೀಳಲಿಲ್ಲ. ಕಟ್ಟನ್ನು ತಿದ್ದಿದ್ದು ಒಂದೇ ಸಲ. ಆದರೆ ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನೆಲ್ಲ ಬಳಸುವವರು ಎಸೆದು ಹೊಸದಾಗಿ ಮಾಡಿಕೊಳ್ಳಬೇಕಾಯಿತು.

2024ರಲ್ಲಿ ನಡೆದುದು ಇದಕ್ಕಿಂತ ಭಯಂಕರ. ಅಲ್ಲಿ ಇದ್ದುದು ದುರುದ್ದೇಶ. ಎಕ್ಸ್‌ಝಡ್ ಎಂಬ ಕುಗ್ಗಿಸುವ ಭಂಡಾರವನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಸಹಾಯಕನಂತೆ ಬಂದು ಎರಡು ವರ್ಷಕ್ಕೂ ಮಿಕ್ಕಿ ನಂಬಿಕೆ ಗಳಿಸಿದ ಅಜ್ಞಾತನೊಬ್ಬನು ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಇಟ್ಟನು. ದೂರದ ಯಂತ್ರದೊಳಗೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಸೇವೆಗೆ ಈ ಭಂಡಾರ ನೇರವಾಗಿ ಬೇಕಿರಲೇ ಇಲ್ಲ. ಕೆಲವು ವ್ಯವಸ್ಥೆಗಳಲ್ಲಿ ಆ ಸೇವೆಗೆ ಇನ್ನೊಂದು ಭಂಡಾರವನ್ನು ಜೋಡಿಸಿದ್ದರು. ಆ ಭಂಡಾರವು ಇದನ್ನು ಅವಲಂಬಿಸಿತ್ತು. ನಂಟಿನ ನಂಟಿನಿಂದ ಕಳ್ಳನು ಒಳಮನೆಯನ್ನು ಹೊಕ್ಕಿದ್ದನು! ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು ಪ್ರವೇಶಕ್ಕೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿರುವುದನ್ನು ಗಮನಿಸಿ, ಕಾರಣವನ್ನು ಬೆನ್ನಟ್ಟಿ, ಮಾರ್ಚ್ 29ರಂದು ಗುಟ್ಟನ್ನು ಹೊರಗೆಡವಿದರು. ಸ್ಥಿರ ಆವೃತ್ತಿಗಳಿಗೆ ಆ ಕೆಟ್ಟ ಭಂಡಾರ ಹರಡುವ ಮೊದಲೇ ಅದನ್ನು ತಡೆಯುವುದು ಸಾಧ್ಯವಾಯಿತು. ಅರ್ಧ ಸೆಕೆಂಡನ್ನು ಅಲಕ್ಷ್ಯ ಮಾಡದ ಒಬ್ಬರ ಎಚ್ಚರ ಲಕ್ಷಾಂತರ ಯಂತ್ರಗಳನ್ನು ಕಾಯಿತು.

ಇವೆಲ್ಲ ದೂರದ ಸಂಗತಿಗಳೆಂದು ನೀವು ತಿಳಿಯಬಾರದು. ‘ಶಾಸ್ತ್ರ’ ಎಂಬ ಪದವನ್ನು ಕಂಪ್ಯೂಟರಿನ ತೆರೆಯ ಮೇಲೆ ನೋಡಿರಿ. ಸ, ತ, ರ ಎಂಬ ಮೂರು ವ್ಯಂಜನಗಳು ಒಂದರ ಕೆಳಗೊಂದು ಒತ್ತಾಗಿ ಕುಳಿತಿವೆ. ಅಕ್ಷರಗಳನ್ನು ಹೀಗೆ ಕೂರಿಸುವ ಹಾರ್ಫ್‌ಬಜ್ ಎಂಬ ಭಂಡಾರವೊಂದಿದೆ. ಲಿಬ್ರೆಆಫೀಸ್ ಎಂಬ ಬರೆಹದ ತಂತ್ರಾಂಶವು 2017ರಿಂದ ಎಲ್ಲ ಬಗೆಯ ಕಂಪ್ಯೂಟರುಗಳಲ್ಲಿಯೂ ಅದನ್ನೇ ಬಳಸುತ್ತಿದೆ. ಜಾಲತಾಣಗಳನ್ನು ತೋರಿಸುವ ಫೈರ್‌ಫಾಕ್ಸ್ ಕೂಡ ಅದನ್ನೇ ನೆಚ್ಚಿದೆ. ಅರಬ್ಬಿ, ತಮಿಳು, ಕನ್ನಡ ಮೊದಲಾದ ಅನೇಕ ಲಿಪಿಗಳಿಗೆ ಅದು ಊಳಿಗ ಮಾಡುತ್ತಿದೆ. ಅದರಲ್ಲಿ ಕನ್ನಡದ ಒಂದು ಒತ್ತಕ್ಷರವನ್ನು ಒಬ್ಬರು ಸರಿಪಡಿಸಿದರೆ, ಆ ಭಂಡಾರವನ್ನು ಹಂಚಿಕೊಂಡ ತಂತ್ರಾಂಶಗಳೆಲ್ಲ ಆ ಒತ್ತನ್ನು ಸರಿಯಾಗಿ ಬರೆಯಲು ಕಲಿಯುತ್ತವೆ. ನಲವತ್ತು ಮಂದಿಯ ತರಗತಿಯಲ್ಲಿ ಒಬ್ಬನ ಕಾಗುಣಿತವನ್ನು ತಿದ್ದಿದೊಡನೆ ಉಳಿದವರ ಕಾಗುಣಿತವೂ ಸರಿಯಾಗುವಂತಿದ್ದರೆ ನಮ್ಮಂತಹ ಉಪಾಧ್ಯಾಯರಿಗೆ ಎಷ್ಟು ಸುಖವಿತ್ತು!

ನಮ್ಮ ಊರಿನ ಪಾರುಪತ್ತೇಗಾರರು ಸಂಬಳ ಪಡೆದವರಲ್ಲ. ಕೊಪ್ಪರಿಗೆ ಒಯ್ದವರ ಹೆಸರು ಬರೆಯುವುದು, ಹಿಂದಕ್ಕೆ ಬಂದಾಗ ಒಳಗೆ ಕೈಯಾಡಿಸಿ ಕಲಾಯಿಯನ್ನು ನೋಡುವುದು, ಸವೆದಿದ್ದರೆ ಎಷ್ಟು ದೊಡ್ಡವರ ಮನೆಯ ಮದುವೆಯೇ ಇರಲಿ, ‘ಇದನ್ನು ಕೊಡಲಾಗದು’ ಎನ್ನುವುದು—ಇಷ್ಟೇ ಅವರ ಕೆಲಸ. ಉಂಡು ಹೋದವರಲ್ಲಿ ಒಬ್ಬರಾದರೂ ಅವರನ್ನು ನೆನೆದುದನ್ನು ನಾನು ಕಾಣೆ. ತಂತ್ರಾಂಶದ ಕಟ್ಟುಗಳನ್ನು ಕಟ್ಟುವವರ ಕೆಲಸವೂ ಅಂತಹುದೇ. ಅದು ಚೆನ್ನಾಗಿ ನಡೆದಷ್ಟು ಕಾಲ ಯಾರಿಗೂ ಕಾಣುವುದಿಲ್ಲ. ಹಲವರು ನೆಚ್ಚಿದ ವಸ್ತು ನಮ್ಮ ಕೈಗೆ ಬಂದಾಗ ಅದರ ಒಳಮೈಯನ್ನು ಮುಟ್ಟಿ ನೋಡುವ ಅಭ್ಯಾಸವನ್ನು ನೀವೂ ಬೆಳೆಸಿಕೊಳ್ಳಿರಿ. ನಾಳೆ ಯಾವ ಉಗ್ರಾಣದ ಬೀಗದ ಕೈ ನಿಮ್ಮಲ್ಲಿ ಯಾರ ಕೈಗೆ ಬರುವುದೋ ಯಾರು ಬಲ್ಲರು?

ಪದಗಳ ಅರ್ಥ

ಕೊಪ್ಪರಿಗೆ - ಅಡುಗೆಯ ದೊಡ್ಡ ಪಾತ್ರೆ. ಪಾರುಪತ್ತೇಗಾರ - ಮೇಲ್ವಿಚಾರಕ. ಕಿಲುಬು - ತಾಮ್ರದ ಮೇಲೆ ಏಳುವ ಹಸುರು ವಿಷ. ತಿದಿ - ಕುಲುಮೆಗೆ ಗಾಳಿಯೊತ್ತುವ ತೊಗಲಿನ ಚೀಲ. ಒಕ್ಕಣೆ - ಬರೆದ ಮಾತು. ಊಳಿಗ - ಸೇವೆ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಎಡ್ಸಾಕ್ ಯಂತ್ರದ ಭಂಡಾರವನ್ನು ಯಾವುದರ ಮೇಲೆ ಕೊರೆದು ಇಡಲಾಗಿತ್ತು?
2. ಅವಲಂಬನೆ ಎಂದರೇನು?
3. ಭಂಡಾರದ ಹೆಸರಿನೊಡನೆ ಇರುವ ಅಂಕೆಯನ್ನು ಯಾವಾಗ ಬದಲಾಯಿಸಬೇಕು?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ:
1. 2002ರಲ್ಲಿ ಝಡ್‌ಲಿಬ್‌ನ ದೋಷವನ್ನು ತಿದ್ದುವುದು ಏಕೆ ಕಷ್ಟವಾಯಿತು?
2. ಸ್ವಂತ ಪ್ರತಿಯನ್ನು ಇಟ್ಟುಕೊಳ್ಳುವವನ ಹೊಣೆಗಳಾವುವು?
3. ಹಂಚಿಕೆಯ ಭಂಡಾರದಿಂದ ಲಾಭವೂ ಅಪಾಯವೂ ಉಂಟು ಎಂಬುದನ್ನು ಪಾಠದ ನಿದರ್ಶನಗಳಿಂದ ಸಮರ್ಥಿಸಿರಿ.

ಇ. ಸಂದರ್ಭವನ್ನು ಸೂಚಿಸಿ ವಿವರಿಸಿರಿ:
1. “ಒಲೆಯ ಮೇಲೆ ಆಗಲೇ ಏರಿಸಿದ ಪಾತ್ರೆ ಹಳೆಯದೇ ಅಲ್ಲವೆ, ಸಾರ್?”
2. “ಅಟ್ಟದ ಮೇಲೆ ಯಾರೋ ಮರೆತಿಟ್ಟ ತಪ್ಪಲೆ, ಸಾರ್.”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಗ್ರಂಥಾಲಯ, ತಂತ್ರಾಂಶ, ಮನೆಯಲ್ಲಿ, ಒತ್ತಕ್ಷರ.